ಓದುಗರ ಪ್ರಶ್ನೆ: ಬೆನ್ನುಹುರಿಯ ಪೆಟ್ಟಿಗೆ ಮದ್ದು ಯಾವಾಗ, ಕೇಳುವುದು ಯಾರನ್ನು?

ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದ ಅಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕತ್ತಿ ತಾಗಿದ ಬೆರಳಿನ ನರ ಕೂಡಿಕೊಳ್ಳುತ್ತದೆ, ಬೆನ್ನಿನದೇಕೆ ಕೂಡುವುದಿಲ್ಲ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಕೈಕಾಲಿನ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಚಿಗುರಬಲ್ಲದು. ಬೆನ್ನುಹುರಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿನ ನರತಂತುಗಳ ಹೊದಿಕೆಯಲ್ಲಿರುವ 'ನೋಗೋ' ಎಂಬ ಪ್ರೋಟೀನ್ ಚಿಗುರನ್ನು ತಡೆಯುತ್ತದೆ (ಇಂಗ್ಲಿಷಿನಲ್ಲಿ 'ನೋ ಗೋ' ಎಂದರೆ ಹೋಗಬೇಡ; ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ). ಜೊತೆಗೆ ಪೆಟ್ಟಾದ ಕಡೆ ಕಲೆ ಕಟ್ಟಿಕೊಳ್ಳುತ್ತದೆ. ಆದರೆ ಹೆಚ್ಚಿನವರಲ್ಲಿ ಹುರಿ ಪೂರ್ತಿ ತುಂಡಾಗಿರುವುದಿಲ್ಲ, ಒಂದಷ್ಟು ಎಳೆ ಉಳಿದಿರುತ್ತವೆ. ಈಗಿನ ಸಂಶೋಧನೆಯ ಒಂದು ದೊಡ್ಡ ಭಾಗ ಆ ಎಳೆಗಳನ್ನೇ ನಂಬಿಕೊಂಡಿದೆ. 2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಬೆನ್ನುಹುರಿಯ ಮೇಲೆ ವಿದ್ಯುತ್ ಪಟ್ಟಿ ಕೂರಿಸಿ, ಕಾಲಿನ ಸ್ವಾಧೀನವಿಲ್ಲದ ಯುವಕನೊಬ್ಬನನ್ನು ಆಸರೆಯೊಂದಿಗೆ ನಿಲ್ಲಿಸಿದರು. 2018ರಲ್ಲಿ ಅಮೆರಿಕ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಕೆಲವರು ಇದೇ ಬಗೆಯ ಉಪಕರಣ ಮತ್ತು ತಿಂಗಳುಗಟ್ಟಲೆ ತರಬೇತಿಯಿಂದ ಹೆಜ್ಜೆ ಹಾಕಿದರು. ಡಿಸೆಂಬರ್ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ, ಚರ್ಮದ ಮೇಲಿಂದಲೇ ವಿದ್ಯುತ್ ಹರಿಸುವ ಯಂತ್ರ ಕುತ್ತಿಗೆಯಲ್ಲಿ ಪೆಟ್ಟಾದವರ ಕೈಗಳಿಗೆ ಮಾತ್ರ. ನಿಮ್ಮ ಅಣ್ಣನ ಕಾಲಿಗೆ ಅದು ಒದಗುವುದಿಲ್ಲ.

ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಹಾಕಿದರೆ ನಡೆಯಬಹುದು, ಕೆಲವು ಲಕ್ಷ ಆಗುತ್ತದೆ ಎನ್ನುತ್ತಾರೆ. ತೋಟದ ಮೇಲೆ ಸಾಲ ಮಾಡಬಹುದೇ?
– ಓದುಗರು, ಹೊಸನಗರ

ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕಾಂಡಕೋಶವನ್ನು ಚಿಕಿತ್ಸೆಯಾಗಿ ಕೊಡಲು ಒಪ್ಪಿಗೆ ಇರುವುದು ರಕ್ತಕ್ಕೆ ಸಂಬಂಧಿಸಿದಂಥ ಕೆಲವು ಕಾಯಿಲೆಗಳಿಗಷ್ಟೇ. ಬೆನ್ನುಹುರಿಗೆ ಅದಿನ್ನೂ ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೀಳುವಂತಿಲ್ಲ. ಸಿಟಿಆರ್‌ಐ ಎಂದರೆ ದೇಶದ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಜಾಲತಾಣ. 'ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ' ಎಂದು ಕೇಳಿ, ಅರ್ಧ ಜನ ಅಲ್ಲಿಗೇ ಮಾತು ಬದಲಿಸುತ್ತಾರೆ. ಸಂಖ್ಯೆ ಕೊಟ್ಟರೆ ಆ ಜಾಲತಾಣದಲ್ಲಿ ನೀವೇ ತೆರೆದು, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಎಂಥ ಪೆಟ್ಟಿನವರನ್ನು ತೆಗೆದುಕೊಳ್ಳುತ್ತಾರೆ ನೋಡಿ. ನೋಂದಣಿ ಇದ್ದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆ ಎಂದಲ್ಲ. ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ: ಹೀಗೆ ಒಮ್ಮೆ ಕೋಶ ಚುಚ್ಚಿಸಿಕೊಂಡವರನ್ನು ಮುಂದೆ ಬರುವ ಗಟ್ಟಿಯಾದ ಪ್ರಯೋಗಗಳಿಗೆ ಹೆಚ್ಚಾಗಿ ಸೇರಿಸಿಕೊಳ್ಳುವುದಿಲ್ಲ.

ಈ ಸಂಶೋಧನೆಗೆ ಸರ್ಕಾರ ಹಣ ಕೊಡಲಿ ಎಂದು ನಮ್ಮ ಯುವಕ ಸಂಘ ಸಂಸದರಿಗೆ ಮನವಿ ಕೊಡಲಿದೆ. ಏನು ಬರೆಯಬೇಕು?
– ಓದುಗರು, ಸಾಗರ

'ಮದ್ದು ಕಂಡುಹಿಡಿಯಿರಿ' ಎಂದು ಬರೆದರೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬರುತ್ತದೆ. ಲೆಕ್ಕ ಕೇಳಿ.

ಮೊದಲು ಐಸಿಎಂಆರ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಳೆದ 5 ವರ್ಷಗಳಲ್ಲಿ ಬೆನ್ನುಹುರಿ ಪೆಟ್ಟಿನ ಎಷ್ಟು ಯೋಜನೆ ಮಂಜೂರಾದವು, ಯಾವ ಸಂಸ್ಥೆಗೆ, ಎಷ್ಟು ಹಣ – ಇಷ್ಟೇ ಸಾಕು. 'ಯಾಕೆ ಕೊಟ್ಟಿಲ್ಲ' ಎಂದು ಕೇಳಬೇಡಿ, ಕಡತದಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ಇಂಥ ಸಂಶೋಧನೆಗೆ ಹಣ ಕೊಡುವ ಜೈವಿಕ ತಂತ್ರಜ್ಞಾನ ಇಲಾಖೆ ಬೇರೆ ಸಚಿವಾಲಯದ್ದು, ಅದಕ್ಕೆ ಪ್ರತ್ಯೇಕ ಅರ್ಜಿ. ಉತ್ತರಗಳನ್ನು ಲಗತ್ತಿಸಿ ಸಂಸದರಿಗೆ ಒಂದೇ ಪುಟದ ಪತ್ರ ಕೊಟ್ಟು, ಲೋಕಸಭೆಯಲ್ಲಿ ಪ್ರಶ್ನೆ ಹಾಕಲು ಕೇಳಿ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕಾದ್ದರಿಂದ, ಅಧಿವೇಶನ ಶುರುವಾದ ಮೇಲೆ ಹಾರ ಹಾಕಿ ಫೋಟೊ ತೆಗೆಸಿಕೊಂಡು ಕೊಟ್ಟ ಮನವಿ ಅಷ್ಟಕ್ಕೇ ಉಳಿಯುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 28ನೇ ಕಲಂ ಸಂಶೋಧನೆಯನ್ನು ಸರ್ಕಾರದ ಹೊಣೆ ಎನ್ನುತ್ತದೆ. ಅದನ್ನು ಪತ್ರದ ಮೊದಲ ಸಾಲಿನಲ್ಲೇ ಹಾಕಿ.

ಇದಕ್ಕಿಂತ ಮುಖ್ಯವಾದ ಕೆಲಸ ಶಿವಮೊಗ್ಗದಲ್ಲೇ ಇದೆ. ಹೊಸ ಮದ್ದಿನ ಅನೇಕ ಪ್ರಯೋಗಗಳಿಗೆ ಪೆಟ್ಟಾಗಿ ಕೆಲವೇ ದಿನ, ವಾರಗಳಾದವರು ಬೇಕು. ಮಲೆನಾಡಿನಲ್ಲಿ ಮರದಿಂದ ಬಿದ್ದವರ ದಾಖಲೆ ಚೊಕ್ಕವಾಗಿದ್ದರೆ ಸಂಶೋಧಕರು ಇತ್ತ ತಿರುಗುತ್ತಾರೆ. ಆದ್ದರಿಂದ ಮೆಗ್ಗಾನ್ ಆಸ್ಪತ್ರೆಯನ್ನೂ ತಾಲ್ಲೂಕು ಆಸ್ಪತ್ರೆಗಳನ್ನೂ ಹೀಗೆ ಕೇಳಿ: ಬಿದ್ದ ಗಂಟೆ, ಆಸ್ಪತ್ರೆ ಮುಟ್ಟಿದ ಗಂಟೆ, ಶಸ್ತ್ರಚಿಕಿತ್ಸೆಯ ಗಂಟೆ, 72 ಗಂಟೆಗಳ ಹೊತ್ತಿಗೆ 'ಏಷ್ಯಾ' ಶ್ರೇಣಿ (ಬೆನ್ನುಹುರಿ ಪೆಟ್ಟಿನ ತೀವ್ರತೆಯ ಅಳತೆ, ಖಂಡದ ಹೆಸರಲ್ಲ) ಎಷ್ಟು, ವರ್ಷದ ಮೇಲೆ ಎಷ್ಟು – ಇವು ಡಿಸ್ಚಾರ್ಜ್ ಚೀಟಿಯಲ್ಲೂ ರಿಜಿಸ್ಟರ್‌ನಲ್ಲೂ ಇರಲಿ. ಈ ಶ್ರೇಣಿಯಲ್ಲಿ 'ಎ' ಎಂದರೆ ಪೆಟ್ಟಿನ ಕೆಳಗೆ ಗುದದ್ವಾರದವರೆಗೂ ಸ್ಪರ್ಶ, ಚಲನೆ ಎರಡೂ ಇಲ್ಲ. 'ಇ' ಎಂದರೆ ಎಲ್ಲ ಸರಿಯಿದೆ. ಬರೀ 'ಎರಡೂ ಕಾಲು ಸ್ವಾಧೀನವಿಲ್ಲ' ಎಂದು ಬರೆದ ಚೀಟಿ ಸಂಶೋಧನೆಗೆ ಉಪಯೋಗಕ್ಕೆ ಬಾರದು. 24 ಗಂಟೆಯೊಳಗೆ ಹುರಿಯ ಮೇಲಿನ ಒತ್ತಡ ತೆಗೆದರೆ ಫಲ ಹೆಚ್ಚು ಎಂಬುದು ಈಗ ಒಪ್ಪಿತ ವಿಷಯ. ಘಟ್ಟದ ರಸ್ತೆಯಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂಬುದು ಈ ಲೆಕ್ಕದಿಂದಲೇ ಹೊರಬರಬೇಕು. ರಾಜ್ಯದ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ಒಂದೇ ವಿಷಯ, 150 ಪದ ಮೀರದಂತೆ.

ಮದ್ದು ಬರುವವರೆಗೆ ಮನೆಯಲ್ಲಿ ಏನು ನೋಡಿಕೊಳ್ಳಬೇಕು?
– ಓದುಗರು, ಕೊಪ್ಪ

ಹಾಸಿಗೆ ಹುಣ್ಣು, ಮಡಚಿಕೊಂಡೇ ಗಟ್ಟಿಯಾದ ಮಂಡಿ – ಇವೆರಡಿದ್ದವರನ್ನು ಪ್ರಯೋಗಗಳು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಮಲಗಿದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಮೇಲೆದ್ದು ಅಥವಾ ಮುಂದೆ ಬಾಗಿ ಭಾರ ಇಳಿಸಬೇಕು. ಮೂತ್ರವನ್ನು 4ರಿಂದ 6 ಗಂಟೆಗೊಮ್ಮೆ ಕ್ಯಾಥೆಟರ್‌ನಿಂದ ತೆಗೆಯುವವರು ಅಳತೆ ಮಾಡಿ. ಪ್ರತಿ ಸಲ 500 ಮಿ.ಲೀ. ದಾಟುತ್ತಿದ್ದರೆ ಅಂತರ ಕಡಿಮೆ ಮಾಡಿ. ಮಳೆಗಾಲದಲ್ಲಿ ಒದ್ದೆ ಆರದ ಬಟ್ಟೆ ಹಾಕಿಸಬೇಡಿ, ಚರ್ಮ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ. ಬಚ್ಚಲೊಲೆಯ ಮುಂದೆ ಚಳಿ ಕಾಯಿಸಲು ಕೂರಿಸುವಾಗ ಕಾಲು ದೂರ ಇರಲಿ. ಸ್ಪರ್ಶವಿಲ್ಲದ ಕಾಲು ಸುಡುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಸ್ನಾನದ ನೀರನ್ನೂ ನೀವೇ ಮೊಣಕೈ ಅದ್ದಿ ನೋಡಿ ಹಾಕಿ.