ಹೆಂಚು ಬದಲಿಸಲೂ ಅಪ್ಪಣೆ ಬೇಕೇ?

ಓದುಗರ ಪತ್ರ: "ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಳಿ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಹೆಂಚು ಹೊತ್ತ ಮರದ ಪಕಾಸಿ, ರೀಪುಗಳಿಗೆ ಗೆದ್ದಲು ಹಿಡಿದಿದೆ. ಮಾಡು ತೆಗೆಸಿ, ಜಗಲಿಯನ್ನು ಅಂಗಳದವರೆಗೆ ಮುಂದೆ ತಂದು ಕೋಣೆ ಮಾಡಿ, ತಾರಸಿ ಹಾಕಿಸಬೇಕೆಂದಿದ್ದೇನೆ. ದೆಹಲಿಯ ಅನುಮತಿ ಬೇಕೆಂದು ಒಬ್ಬರು ಹೆದರಿಸುತ್ತಾರೆ. ಕೇಳಲು ಹೋದರೇ ಕೆಟ್ಟೆ, ಸುಮ್ಮನೆ ಕಟ್ಟಿಸು ಎನ್ನುತ್ತಾರೆ ಇನ್ನೊಬ್ಬರು. ನಮ್ಮ ಮನೆಗೆ ನಾವು ಯಜಮಾನರಲ್ಲವೇ?"

ಮಾನ್ಯರೆ,

ಯಜಮಾನರು ನೀವೇ. ಆದರೆ ಪತ್ರದಲ್ಲಿ ಎರಡು ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಮೊದಲು ಅವನ್ನು ಬಿಡಿಸೋಣ.

ಅಘೋರೇಶ್ವರ ದೇವಸ್ಥಾನ ಕೇಂದ್ರದ ರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ ಇನ್ನೂ 200 ಮೀಟರ್, ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ವಲಯ. ಅಳತೆ ಶುರುವಾಗುವುದು ಗರ್ಭಗುಡಿಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ಹಾಗಾಗಿ ಊರವರ ಹೆಜ್ಜೆ ಲೆಕ್ಕ ನಂಬಬೇಡಿ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಇದ್ದ ಮನೆಯನ್ನು ಅಡ್ಡಕ್ಕಾಗಲಿ ಎತ್ತರಕ್ಕಾಗಲಿ ಬೆಳೆಸುವುದೂ ಹೊಸ ನಿರ್ಮಾಣವೇ. ನಿಮ್ಮ ಮನೆ ಆ ನೂರರೊಳಗಿದ್ದರೆ ಅಂಗಳದ ಕೋಣೆಯ ಆಸೆಯನ್ನು ಇಂದೇ ಬಿಡಿ. ದುರಸ್ತಿಯ ಮಾತು ಬೇರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ಅದಕ್ಕೆ ಅನುಮತಿ ಕೇಳುವ ದಾರಿಯನ್ನು ಕಾನೂನೇ ಇಟ್ಟಿದೆ. ಅಜ್ಜನ ಕಾಲದ್ದೆಂದು ಬಾಯಲ್ಲಿ ಹೇಳಿದರೆ ಸಾಲದು. ಹಳೆಯ ಮನೆಕಂದಾಯದ ರಸೀದಿಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ.

ಅರ್ಜಿ ನೇರ ದೆಹಲಿಗೆ ಹೋಗುವುದಿಲ್ಲ. ನಮ್ಮ ರಾಜ್ಯದಲ್ಲಿ ಅದನ್ನು ಸ್ವೀಕರಿಸುವ ಸಕ್ಷಮ ಪ್ರಾಧಿಕಾರ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯ ಆಯುಕ್ತರು. ಅವರು 15 ದಿನಗಳಲ್ಲಿ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಅಲ್ಲಿ ಎರಡು ತಿಂಗಳು, ಮರಳಿ ಬಂದ ಮೇಲೆ ಆಯುಕ್ತರ ಆದೇಶಕ್ಕೆ ಒಂದು ತಿಂಗಳು. ಇದು ಕಾಗದದ ಮೇಲಿನ ಲೆಕ್ಕ. ಜೂನ್ ಮಳೆ ಹಿಡಿಯುವುದರೊಳಗೆ ಹೆಂಚು ಹೊದಿಸಿ ಮುಗಿಯಬೇಕಾದರೆ ದೀಪಾವಳಿ ಕಳೆಯುತ್ತಲೇ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ಪರವಾನಗಿ ಪ್ರತ್ಯೇಕ. ಒಂದು ಸಿಕ್ಕಿತೆಂದು ಇನ್ನೊಂದನ್ನು ಮರೆಯಬೇಡಿ.

ಸುಮ್ಮನೆ ಕಟ್ಟಿಸು ಎಂದವರಿಗೆ ಇಷ್ಟು ಹೇಳಿ: ನಿಷೇಧಿತ ವಲಯದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗ ಅವರು ಜಾಮೀನಿಗೆ ಬರುತ್ತಾರೆಯೇ, ಕೇಳಿ ನೋಡಿ.

ಇನ್ನು ತಾರಸಿ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆಯ ಮಾಡಿನ ಸೂರು ಗೋಡೆಯಿಂದ ಅಷ್ಟು ಮುಂದಕ್ಕೆ ಚಾಚಿರುವುದು ಅಂದಕ್ಕಲ್ಲ, ಇರಚಲು ಗೋಡೆಗೆ ಬಡಿಯದಿರಲಿ ಎಂದು. ತಾರಸಿ ಹಾಕಿಸಿ, ಸೋರತೊಡಗಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಎಬ್ಬಿಸಿದ ಮನೆಗಳು ಸಾಗರ ಪಟ್ಟಣದ ಬೀದಿಗಳಲ್ಲಿ ಎಷ್ಟಿಲ್ಲ! ಎರಡು ಮಾಡಿನ ಖರ್ಚು, ಒಂದು ಮಾಡಿನ ನೆರಳು.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಲ್ಕು ಪಕಾಸಿ ಬದಲಿಸಲು ಇಷ್ಟು ಮೇಜು ಹತ್ತಿಳಿಯಬೇಕಾದದ್ದು ಅತಿಯೇ. ಸಣ್ಣ ದುರಸ್ತಿಗೆ ಸಾಗರದಲ್ಲೇ ಒಪ್ಪಿಗೆ ಸಿಗುವಂತಾಗಬೇಕೆಂದು ಈ ಪತ್ರಿಕೆಯೂ ಒತ್ತಾಯಿಸುತ್ತದೆ. ಅಲ್ಲಿಯವರೆಗೆ ಅರ್ಜಿಯಲ್ಲಿ ಮಾಡಿನ ಕೆಲಸವನ್ನಷ್ಟೇ ಬರೆಯಿರಿ; ಈಗಿನ ಎತ್ತರ, ಈಗಿನ ಅಗಲ, ಅದೇ ಹೆಂಚು. ಗೆದ್ದಲು ತಿಂದ ಪಕಾಸಿಗಳ ಫೋಟೋ ಜೊತೆಗಿರಲಿ.

— ಸಂ.