ಗಂಡನ ತೆರಿಗೆ ಬಾಕಿ ಇರುವಾಗ ಹೆಂಡತಿ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬಹುದೇ?

ಹಾಕಬಹುದು. ಆದರೆ ಅದಕ್ಕೆ ಮೊದಲು ಆ ಬಾಕಿ ಯಾವ ಯಾವ ವರ್ಷದ್ದು, ಪ್ರತಿ ವರ್ಷದ ರಿಟರ್ನ್ ಮೇಲೆ ಯಾರ ಸಹಿ ಇದೆ ಎಂಬುದನ್ನು ಬಿಡಿಸಿ ನೋಡಬೇಕು. ನಿಮ್ಮ ಪತಿ ಅಮೆರಿಕದ ಪೌರರು, ಅವರ ಅಂಗಡಿಯ ಆದಾಯದ ಮೇಲೆ 2018 ಮತ್ತು 2019ರ ತೆರಿಗೆ ಬಾಕಿ ಉಳಿದಿದೆ, ನೀವು ಮದುವೆಯಾದದ್ದು 2021ರಲ್ಲಿ, 2022ಕ್ಕೆ ಇಬ್ಬರೂ ಸೇರಿ ಸಲ್ಲಿಸಿದ ಜಂಟಿ ರಿಟರ್ನ್‌ನ ತೆರಿಗೆಯೂ ಪೂರ್ತಿ ಕಟ್ಟಿಲ್ಲ ಎಂದು ಬರೆದಿದ್ದೀರಿ. ಗ್ರೀನ್ ಕಾರ್ಡ್ ಬಂದು ಮೂರು ವರ್ಷ ತುಂಬಿರುವುದರಿಂದ ಈಗಲೇ ಅರ್ಜಿ ಹಾಕಬೇಕೆಂದಿದ್ದೀರಿ. ಬಾಕಿಯ ವಿಷಯ ಎತ್ತಲೇಬೇಡಿ ಎಂದು ಬಂಧುಗಳು ಹೇಳುತ್ತಿದ್ದಾರೆ. ನಾನು ವಕೀಲಳಲ್ಲ. ನ್ಯೂಜೆರ್ಸಿಯಲ್ಲಿ ತೆರಿಗೆ ರಿಟರ್ನ್ ಸಿದ್ಧಪಡಿಸುವುದು ನನ್ನ ಕೆಲಸ, ಮತ್ತು ನನ್ನ ಪತಿಯ ಮೇಲೂ ತೆರಿಗೆ ಬಾಕಿ ಇದ್ದ ಕಾಲದಲ್ಲೇ ನಾನು ಪೌರತ್ವ ಪಡೆದವಳು.

ಮದುವೆಗೆ ಮುಂಚಿನ ಎರಡು ವರ್ಷಗಳ ಬಾಕಿ ನಿಮ್ಮ ಪತಿಯದು ಮಾತ್ರ. ಪೌರತ್ವದ ಅರ್ಜಿ ನಮೂನೆಯಾದ ಎನ್-400 ಕೇಳುವುದು ಅರ್ಜಿದಾರರು ತೆರಿಗೆ ಬಾಕಿ ಉಳಿಸಿಕೊಂಡಿದ್ದಾರೆಯೇ ಎಂದು; ಪೌರತ್ವ ಕೊಡುವ ಮೊದಲು ಅಧಿಕಾರಿ ತೂಗಿ ನೋಡುವುದು ನಿಮ್ಮ ಸನ್ನಡತೆಯನ್ನೇ ಹೊರತು ನಿಮ್ಮ ಪತಿಯದನ್ನಲ್ಲ. ಆ ಹಳೆಯ ಬಾಕಿ ನಿಮ್ಮನ್ನು ತಟ್ಟುವುದು ಬೇರೊಂದು ದಾರಿಯಿಂದ: ಜಂಟಿ ರಿಟರ್ನ್‌ನಲ್ಲಿ ಬರಬೇಕಾದ ರೀಫಂಡನ್ನು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಅವರ ಸಾಲಕ್ಕೆ ಹಿಡಿದುಕೊಳ್ಳಬಹುದು. ಹಾಗಾದರೆ ನಿಮ್ಮ ಪಾಲನ್ನು ಮರಳಿ ಕೇಳುವುದಕ್ಕೆ 8379 ಎಂಬ ಫಾರ್ಮ್ ಇದೆ. (ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಮೊದಲಾದ ಒಂಬತ್ತು ರಾಜ್ಯಗಳಲ್ಲಿ ದಂಪತಿಗಳ ಗಳಿಕೆ ಇಬ್ಬರ ಸಮಾನ ಆಸ್ತಿಯೆಂಬ ಕಾನೂನಿರುವುದರಿಂದ ಈ ಲೆಕ್ಕ ಅಲ್ಲಿ ಬೇರೆಯಾಗುತ್ತದೆ, ನ್ಯೂಜೆರ್ಸಿ ಆ ಪಟ್ಟಿಯಲ್ಲಿಲ್ಲ.)

2022ರ ಬಾಕಿಯ ಸಂಗತಿ ಹಾಗಲ್ಲ. ಜಂಟಿ ರಿಟರ್ನ್‌ಗೆ ಸಹಿ ಹಾಕಿದ ಮೇಲೆ ಅದರ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ. ಹಣ ದುಡಿದವರು ಯಾರೇ ಆಗಿರಲಿ, ಐಆರ್‌ಎಸ್ ಇಡೀ ಮೊತ್ತವನ್ನು ಇಬ್ಬರಲ್ಲಿ ಒಬ್ಬರಿಂದಲೇ ವಸೂಲು ಮಾಡಬಹುದು. ಆದ್ದರಿಂದ ಎನ್-400ರ ಆ ಪ್ರಶ್ನೆಗೆ ನಿಮ್ಮ ಉತ್ತರ ‘ಹೌದು’ ಎಂದೇ ಆಗಬೇಕು. ಸಂಗಾತಿಯ ತಪ್ಪಿನ ಹೊಣೆಯಿಂದ ಬಿಡುಗಡೆ ಕೋರುವ 8857 ಫಾರ್ಮ್ ಬಗ್ಗೆ ಯಾರಾದರೂ ನಿಮಗೆ ಹೇಳಬಹುದು. ಇಬ್ಬರೂ ಒಟ್ಟಿಗೆ ಬಾಳುತ್ತಿರುವಾಗ, ತೆರಿಗೆ ಕಟ್ಟಿಲ್ಲವೆಂದು ತಿಳಿದೇ ನೀವು ಸಹಿ ಮಾಡಿರುವಾಗ, ಅದು ಸಿಗುವುದು ಬಹಳ ಕಷ್ಟ. ಆ ಜಂಟಿ ರಿಟರ್ನನ್ನು ಈಗ ತಿದ್ದಿ ಪ್ರತ್ಯೇಕ ರಿಟರ್ನ್ ಮಾಡುವುದೂ ಸಾಧ್ಯವಿಲ್ಲ; ಸಲ್ಲಿಕೆಯ ಗಡುವು ದಾಟಿದ ಮೇಲೆ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ.

‘ಹೌದು’ ಎಂದು ಗುರುತು ಹಾಕಿದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುತ್ತದೆ ಎಂಬ ಭಯ ನಮ್ಮವರಲ್ಲಿ ಬಹಳ ಇದೆ, ಮತ್ತು ಆ ಭಯವೇ ಅವರಿಂದ ಸುಳ್ಳು ಬರೆಸುತ್ತದೆ. ರಿಟರ್ನ್‌ಗಳನ್ನೆಲ್ಲ ಸಲ್ಲಿಸಿದ್ದು, ಬಾಕಿ ತೀರಿಸಲು ತೆರಿಗೆ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ಅದರಂತೆ ಹಣ ಕಟ್ಟುತ್ತಿರುವವರು ಸನ್ನಡತೆಯನ್ನು ತೋರಿಸಿಕೊಳ್ಳಬಹುದು ಎಂದು ವಲಸೆ ಮತ್ತು ಪೌರತ್ವದ ಇಲಾಖೆಯಾದ ಯುಎಸ್‌ಸಿಐಎಸ್‌ನ ನೀತಿ ಕೈಪಿಡಿಯಲ್ಲೇ ಇದೆ. ಬಡ್ಡಿ, ದಂಡ ಸೇರಿ ಬಾಕಿ 50,000 ಡಾಲರ್ ಒಳಗಿದ್ದರೆ ಕಂತಿನ ಒಪ್ಪಂದಕ್ಕೆ ಐಆರ್‌ಎಸ್ ಜಾಲತಾಣದಲ್ಲೇ ಕೋರಿಕೆ ಸಲ್ಲಿಸಬಹುದು. ಇಲ್ಲವಾದರೆ 9465 ಫಾರ್ಮ್ ಕಳಿಸಬಹುದು. ಒಪ್ಪಂದವಾದ ಮೇಲೂ ಬಡ್ಡಿ ಏರುತ್ತಲೇ ಇರುತ್ತದೆ, ಒಂದು ಕಂತು ತಪ್ಪಿದರೂ ಒಪ್ಪಂದ ಮುರಿದುಬೀಳುವ ಅಪಾಯವಿದೆ, ಆದ್ದರಿಂದ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಕೊಳ್ಳುವುದು ಒಳ್ಳೆಯದು. ರಾಜ್ಯದ ತೆರಿಗೆಯೂ ಬಾಕಿಯಿದ್ದರೆ ಅದಕ್ಕೆ ನ್ಯೂಜೆರ್ಸಿಯ ತೆರಿಗೆ ವಿಭಾಗದೊಡನೆ ಬೇರೆಯೇ ಒಪ್ಪಂದ ಬೇಕು. ಅರ್ಜಿಯ ಪ್ರಶ್ನೆ ಫೆಡರಲ್, ರಾಜ್ಯ, ಸ್ಥಳೀಯ ಮೂರನ್ನೂ ಒಳಗೊಂಡಿದೆ. 2025ರ ಆಗಸ್ಟ್‌ನಲ್ಲಿ ಸನ್ನಡತೆಯ ಪರಿಶೀಲನೆಯನ್ನು ಬಿಗಿಗೊಳಿಸುವ ಸೂಚನೆ ಹೊರಟಿತು. ಬಾಕಿ ತೆರಿಗೆಯನ್ನು ಪೂರ್ತಿ ಕಟ್ಟಿರುವುದನ್ನು ಅದು ಅರ್ಜಿದಾರರ ಪರವಾದ ಅಂಶವೆಂದು ಎಣಿಸುತ್ತದೆ. ಆದ್ದರಿಂದ 2022ರ ಮೊತ್ತ ನಿಮ್ಮ ಕೈಗೆ ಎಟುಕುವಷ್ಟಿದ್ದರೆ ಅದನ್ನು ತೀರಿಸಿಯೇ ಅರ್ಜಿ ಹಾಕಿ ಎಂಬುದು ನನ್ನ ಸಲಹೆ. ಕಟ್ಟುವಾಗ ಹಣ 2022ರ ಲೆಕ್ಕಕ್ಕೇ ಜಮೆಯಾಗುವಂತೆ ವರ್ಷವನ್ನು ಸ್ಪಷ್ಟವಾಗಿ ನಮೂದಿಸಿ.

ಇನ್ನು ಮುಂದೆ ಪ್ರತ್ಯೇಕ ರಿಟರ್ನ್ ಸಲ್ಲಿಸಿದರೆ ಹೇಗೆ ಎಂದೂ ಕೇಳಿದ್ದೀರಿ. ಅವರ ಮುಂದಿನ ಬಾಕಿಗಳು ನಿಮ್ಮ ತಲೆಗೆ ಬರದಿರಲು ಅದು ನ್ಯಾಯವಾದ ದಾರಿಯೇ. ಆದರೆ ಪೌರರ ಸಂಗಾತಿಗೆ ಐದರ ಬದಲು ಮೂರು ವರ್ಷಕ್ಕೇ ಅವಕಾಶ ಕೊಡುವ ನಿಯಮದಲ್ಲಿ ಅರ್ಜಿ ಹಾಕುವವರು ಆ ಮೂರು ವರ್ಷವೂ ಪೌರ ಸಂಗಾತಿಯೊಡನೆ ಸಂಸಾರ ಮಾಡಿಕೊಂಡಿದ್ದನ್ನು ರುಜುವಾತುಪಡಿಸಬೇಕು, ಮತ್ತು ಅದಕ್ಕೆ ಅಧಿಕಾರಿಗಳು ಮೊದಲು ನೋಡುವ ದಾಖಲೆಗಳಲ್ಲಿ ತೆರಿಗೆ ರಿಟರ್ನ್ ಒಂದು. ಪ್ರತ್ಯೇಕ ರಿಟರ್ನ್ ಕಂಡರೆ ಕಾರಣ ಕೇಳುತ್ತಾರೆ. ಪತಿಯ ಹಳೆಯ ಬಾಕಿಯೇ ಕಾರಣವೆಂದು ಹೇಳಿ, ಮನೆಯ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ವಿಮೆಯ ಕಾಗದಗಳನ್ನು ಮುಂದಿಟ್ಟರೆ ಸಾಕಾಗುತ್ತದೆ. ನಿಜವಾದ ಗಂಡಾಂತರವಿರುವುದು ‘ಸಿಂಗಲ್’ ಅಥವಾ ‘ಹೆಡ್ ಆಫ್ ಹೌಸ್‌ಹೋಲ್ಡ್’ (ಅಂದರೆ ಅವಿವಾಹಿತರು ಅಥವಾ ಒಂಟಿಯಾಗಿ ಮನೆ ನಡೆಸುವವರು) ಎಂದು ಸಲ್ಲಿಸುವುದರಲ್ಲಿ. ಒಂದೇ ಮನೆಯಲ್ಲಿರುವ ದಂಪತಿಗೆ ಅವೆರಡೂ ಸಲ್ಲುವುದಿಲ್ಲ. ಹಾಗೆ ಸಲ್ಲಿಸಿದವರು ಒಂದೋ ತೆರಿಗೆ ಇಲಾಖೆಗೆ ತಪ್ಪು ಹೇಳಿದಂತಾಗುತ್ತದೆ, ಇಲ್ಲವೇ ಪತಿಯೊಡನೆ ಬಾಳುತ್ತಿಲ್ಲವೆಂದು ತಾವೇ ಬರೆದುಕೊಟ್ಟಂತಾಗುತ್ತದೆ. ಎರಡರಲ್ಲಿ ಯಾವುದಾದರೂ ಅರ್ಜಿಗೆ ಪೆಟ್ಟೇ.

ಬಂಧುಗಳ ಸಲಹೆಯಂತೆ ‘ಇಲ್ಲ’ ಎಂದು ಬರೆಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸಂದರ್ಶನದಲ್ಲಿ ಪ್ರಮಾಣ ಮಾಡಿ ಉತ್ತರಿಸುತ್ತೀರಿ. ಪೌರತ್ವ ಪಡೆಯುವುದಕ್ಕಾಗಿ ಪ್ರಮಾಣದ ಮೇಲೆ ಸುಳ್ಳು ಹೇಳುವುದು ತಾನೇ ಸನ್ನಡತೆಗೆ ಅಡ್ಡಿಯೆಂದು ವಲಸೆ ಕಾನೂನು ಹೇಳುತ್ತದೆ. ಕಂತಿನಲ್ಲಿ ತೀರುತ್ತಿರುವ ಬಾಕಿಗೆ ಅಷ್ಟು ಕಠಿಣವಾದ ಅಡ್ಡಿಯಿಲ್ಲ. ಪೌರತ್ವ ಬಂದ ಮೇಲೆ ಸುಳ್ಳು ಹೊರಬಿದ್ದರೆ ಅದನ್ನು ರದ್ದುಪಡಿಸುವ ಮೊಕದ್ದಮೆಯೂ ಸಾಧ್ಯ. ನನ್ನ ಸಂದರ್ಶನದಲ್ಲಿ ಐಆರ್‌ಎಸ್‌ನ ಒಪ್ಪಂದ ಪತ್ರ, ಕಂತು ಕಟ್ಟಿದ ರಸೀತಿಗಳು, ತೆರಿಗೆ ಖಾತೆಯ ದಾಖಲೆ ಪ್ರತಿಗಳಾದ ಟ್ರಾನ್ಸ್‌ಕ್ರಿಪ್ಟ್‌ಗಳು ಕೈಯಲ್ಲಿದ್ದವು. ಅಧಿಕಾರಿ ಅವುಗಳನ್ನು ಓದಿ, ಪ್ರತಿ ತೆಗೆದುಕೊಂಡು, ಮುಂದಿನ ಪ್ರಶ್ನೆಗೆ ಹೋದರು.

ಗ್ರೀನ್ ಕಾರ್ಡ್‌ನ ಐದು ವರ್ಷ ತುಂಬಲು ನಿಮಗೆ ಹೆಚ್ಚು ಕಾಲ ಉಳಿದಿಲ್ಲವಾದರೆ ಅಲ್ಲಿಯವರೆಗೆ ಕಾಯುವುದನ್ನೂ ಯೋಚಿಸಿ. ಆಗ ಪತಿಯ ಪೌರತ್ವದ, ಸಂಸಾರದ ರುಜುವಾತು ಬೇಕಿಲ್ಲ, ತೆರಿಗೆಯ ವಿಷಯದಲ್ಲಿ ನಿಮ್ಮ ಐದು ವರ್ಷದ ದಾಖಲೆ ಸಾಕು. ಬಾಕಿ ದೊಡ್ಡದಾಗಿದ್ದರೆ ನಿಮ್ಮ ಪತಿಗೂ ಒಪ್ಪಂದ ಅಗತ್ಯ: 2015ರ ಕಾನೂನಿನಂತೆ ಭಾರಿ ತೆರಿಗೆ ಬಾಕಿಯಿರುವ ಪೌರರ ಪಾಸ್‌ಪೋರ್ಟನ್ನು ಸರ್ಕಾರ ತಡೆಹಿಡಿಯಬಹುದು, ಕಂತು ಕಟ್ಟುತ್ತಿರುವವರಿಗೆ ಅದರಿಂದ ವಿನಾಯಿತಿ ಇದೆ. ಊರಿನಲ್ಲಿ ನಿಮ್ಮ ಹೆಸರಿನಲ್ಲಿ ಠೇವಣಿ ಅಥವಾ ಬಾಡಿಗೆಗೆ ಕೊಟ್ಟ ಮನೆ ಇದ್ದರೆ ಆ ಬಡ್ಡಿ, ಬಾಡಿಗೆ ಇಲ್ಲಿನ ರಿಟರ್ನ್‌ನಲ್ಲಿ ಸೇರಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಮೊದಲ ಕೆಲಸವಾಗಿ ಐಆರ್‌ಎಸ್‌ನಿಂದ ಪ್ರತಿ ವರ್ಷದ ಖಾತೆಯ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಳ್ಳಿ, ಅದು ಉಚಿತ. ಯಾವುದಾದರೂ ವರ್ಷದ ರಿಟರ್ನ್ ಸಲ್ಲಿಸಿಯೇ ಇಲ್ಲವೆಂದು, ಅಥವಾ ಗ್ರೀನ್ ಕಾರ್ಡ್ ಬಂದ ಮೇಲೂ ಅನಿವಾಸಿಯೆಂದು ಸಲ್ಲಿಸಿದ್ದೀರೆಂದು ಅದರಲ್ಲಿ ಕಂಡುಬಂದರೆ, ಎನ್-400ಕ್ಕೆ ಕೈ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ.