ಓಪಿಡಿ ಬಾಗಿಲಲ್ಲಿ ನಿಲ್ಲುವವರ ಕೆಲಸ

(ಉತ್ತರಿಸುವವರು ಆಸ್ಪತ್ರೆಯ ವಾರ್ಡು ಮತ್ತು ಓಪಿಡಿಗಳಲ್ಲಿ, ಅಂದರೆ ಹೊರರೋಗಿ ವಿಭಾಗಗಳಲ್ಲಿ ದುಡಿದು ನಿವೃತ್ತರಾದ ನರ್ಸಿಂಗ್ ಅಧಿಕಾರಿ)

ಪ್ರಶ್ನೆ: ಮೇಡಂ, ನನಗೆ 24 ವರ್ಷ, ಸೋಮವಾರಪೇಟೆ ಕಡೆಯವಳು. ಪಿಯುಸಿ ಆರ್ಟ್ಸ್ ಆದ ಮೇಲೆ ಜನರಲ್ ಡ್ಯೂಟಿ ಅಸಿಸ್ಟೆಂಟ್ (ರೋಗಿಗಳ ಆರೈಕೆಯ ಸಹಾಯಕಿ) ತರಬೇತಿ ಮಾಡಿದೆ. ಮುಂದಿನ ತಿಂಗಳು ಮಡಿಕೇರಿಯ ಒಂದು ಆಸ್ಪತ್ರೆಯ ಓಪಿಡಿಗೆ ಸೇರಬೇಕು. "ಅದು ಆಯಾ ಕೆಲಸ, ಅದಕ್ಕೆ ಇಷ್ಟು ಓದಬೇಕಿತ್ತಾ" ಎಂದು ಅತ್ತೆ ಹೇಳುತ್ತಾರೆ. ತರಬೇತಿಯಲ್ಲಿ ವಾರ್ಡಿನ ಕೆಲಸವನ್ನೇ ಜಾಸ್ತಿ ಕಲಿಸಿದರು. ಓಪಿಡಿಯಲ್ಲಿ ನಿಜವಾಗಿ ಏನು ಮಾಡಬೇಕು?

ಉತ್ತರ: ಆಯಾ ಕೆಲಸ ಅಂದರೆ ಅನ್ನಲಿ ಬಿಡಿ. ನಾನು ಹೊಸದಾಗಿ ಸೇರಿದಾಗ ಓಪಿಡಿ ಕಲಿಸಿದ್ದೇ ಒಬ್ಬ ಆಯಮ್ಮ. ಬರುವವರ ನಡಿಗೆ ನೋಡಿಯೇ "ಸಿಸ್ಟರ್, ಇವರನ್ನು ಮೊದಲು ಒಳಗೆ ಕಳಿಸಿ" ಅನ್ನುತ್ತಿದ್ದರು. ಅವರು ತಪ್ಪಿದ್ದು ಕಡಿಮೆ.

ವಾರ್ಡಿನಲ್ಲಿ ರೋಗಿ ನಾಲ್ಕು ದಿನ ಕಣ್ಣೆದುರೇ ಇರುತ್ತಾರೆ. ಓಪಿಡಿಯಲ್ಲಿ ಹಾಗಲ್ಲ. ಡಾಕ್ಟರ ಮುಂದೆ ಕೂರುವುದು ಕೆಲವೇ ನಿಮಿಷ, ನಿಮ್ಮ ಬೆಂಚಿನ ಮೇಲೆ ಕೂರುವುದು ಒಂದೆರಡು ಗಂಟೆ. ಹಾಗಾಗಿ ಅವರನ್ನು ಜಾಸ್ತಿ ಹೊತ್ತು ನೋಡುವವರು ನೀವೇ. ಟೋಕನ್ ಕರೆಯುವುದು, ತೂಕ, ಬಿಪಿ, ಜ್ವರ ನೋಡಿ ಚೀಟಿಯಲ್ಲಿ ಬರೆಯುವುದು, ಗಾಲಿಕುರ್ಚಿ ತಳ್ಳುವುದು, ಎಕ್ಸ್‌ರೇಗೆ ಕರೆದೊಯ್ಯುವುದು, ಪರೀಕ್ಷೆಯ ಮಂಚದ ಬಟ್ಟೆ ಬದಲಿಸುವುದು, ಹೆಣ್ಣುಮಕ್ಕಳ ಪರೀಕ್ಷೆಯಾಗುವಾಗ ಜೊತೆಗೆ ನಿಲ್ಲುವುದು. ಇವೆಲ್ಲ ನಿಮ್ಮ ಕೈಗೆ ಬರುತ್ತವೆ. ಕೆಲಸ ಸಣ್ಣದು ಅನಿಸಬಹುದು. ಆದರೆ ನೀವು ಬರೆದ ಅಂಕಿ ನೋಡಿಯೇ ಡಾಕ್ಟರು ಮಾತ್ರೆ ಬದಲಿಸುತ್ತಾರೆ.

ಬಿಪಿ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಜಿಲ್ಲೆಯಲ್ಲಿ ತಪ್ಪು ಜಾಸ್ತಿ ಆಗುವುದು ಇಲ್ಲೇ. ಮಳೆಗಾಲದಲ್ಲಿ ಎಲ್ಲರ ಮೈಮೇಲೂ ಸ್ವೆಟರ್ ಇರುತ್ತದೆ. ಅದನ್ನು ತೆಗೆಸಲು ಬೇಜಾರಾಗಿ ಮೇಲೆಯೇ ಪಟ್ಟಿ ಸುತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ತೋಳು ಮೇಲಕ್ಕೆ ಮಡಚಿದರೂ ಬಟ್ಟೆ ತೋಳನ್ನು ಬಿಗಿದು ಲೆಕ್ಕ ಕೆಡುತ್ತದೆ. ಸ್ವೆಟರಿನಿಂದ ಒಂದು ಕೈ ಹೊರಗೆ ತೆಗೆಸಿ. ಬಸ್‌ ಸ್ಟ್ಯಾಂಡಿನಿಂದ ಏರು ಹತ್ತಿ ಬಂದವರನ್ನು 5 ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬರಲಿ. ನೋಡುವಾಗ ಮಾತು ಬೇಡ. ಊರ ಸುದ್ದಿ ಶುರು ಮಾಡಿದರೆ ಬಿಪಿ ಏರುತ್ತದೆ, ಸುದ್ದಿ ಹೇಳುವವರದ್ದೂ ಕೂಡ! ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಕೂಡ ಚಳಿಗೆ ಮೋಸ ಮಾಡುತ್ತದೆ. ಕೈ ಮಂಜುಗಡ್ಡೆಯಾಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಕಡಿಮೆ ತೋರಿಸಬಹುದು. ಬೆರಳು ಉಜ್ಜಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಕಡಿಮೆ ಬಂದರೆ ಕಾಯಬೇಡಿ, ಸಿಸ್ಟರ್‌ಗೆ ಹೇಳಿ.

ತೂಕಕ್ಕೆ ನಿಲ್ಲಿಸುವ ಮೊದಲು ಗಂಬೂಟು, ಒದ್ದೆ ಕೋಟು ತೆಗೆಸಿ. ಮಕ್ಕಳದ್ದಂತೂ ಎರಡು ಸಲ ನೋಡಿ. ಮಕ್ಕಳ ಔಷಧಿಯ ಅಳತೆ ತೂಕದ ಲೆಕ್ಕದಲ್ಲೇ ನಿಲ್ಲುತ್ತದೆ.

ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿರುತ್ತಾರೆ. "ಏನಾದರೂ ತಿಂದಿರಾ?" ಎಂದರೆ "ಇಲ್ಲ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ತಿಂದಿರುವುದಿಲ್ಲ. ಆದರೆ ಏಳುತ್ತಲೇ ಒಂದು ಲೋಟ ಬೆಲ್ಲದ ಕಾಪಿ ಕುಡಿದಿರುತ್ತಾರೆ. ನಮ್ಮ ಕಡೆ ಕಾಪಿ ಯಾರ ಲೆಕ್ಕಕ್ಕೂ ಬರುವುದಿಲ್ಲ ಅಲ್ವಾ? ಕಾಪಿಯ ಹೆಸರು ಹಿಡಿದೇ ಬೇರೆಯಾಗಿ ಕೇಳಿ. ಇದಕ್ಕೆ ವಿರುದ್ಧವೂ ಇದೆ. ಭಾಗಮಂಡಲದಿಂದ ಮೊದಲ ಬಸ್ಸಿಗೆ ಹೊರಟು 11 ಗಂಟೆಯವರೆಗೂ ಏನೂ ತಿನ್ನದೆ ಕೂತ ಶುಗರ್ ರೋಗಿ ಇದ್ದಕ್ಕಿದ್ದಂತೆ ಬೆವರಿ, ಕೈ ನಡುಗಿಸಿದರೆ, ಸಕ್ಕರೆ ಇಳಿದಿರಬಹುದು. ತಕ್ಷಣ ಸಿಸ್ಟರನ್ನು ಕರೆಯಿರಿ.

ಸಾಲು ತಪ್ಪಿಸಿ ಒಳಗೆ ಕಳಿಸಬೇಕಾದವರು ಯಾರು? ಎದೆ ಹಿಡಿದುಕೊಂಡು ಬೆವರುತ್ತಿರುವವರು, ಬಾಯಿ ಒಂದು ಕಡೆಗೆ ಜಾರಿದವರು, ಮಾತು ತೊದಲುವವರು, ಒಂದು ಕೈ ಎತ್ತಲಾಗದವರು. ಎದೆ ನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ಗಂಟೆ. ದೂರದ ತೋಟದಿಂದ ಇಳಿದು ಬರುವುದರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ಅವರನ್ನು ಮತ್ತೆ ಟೋಕನ್ ಸಾಲಿನಲ್ಲಿ ಕೂರಿಸಬಾರದು. "ನಾವು ಮೊದಲು ಬಂದಿದ್ದು" ಎಂದು ಸಾಲಿನವರು ರೇಗುತ್ತಾರೆ. ಜಗಳಕ್ಕೆ ಇಳಿಯದೆ "ಅವರದು ತುರ್ತು, ನಿಮ್ಮ ನಂಬರ್ ಹಾಗೇ ಇರುತ್ತದೆ" ಎನ್ನಿ. ಮಾತು ಮೀರಿದರೆ ಸೆಕ್ಯೂರಿಟಿಯವರನ್ನು ಕರೆಯಿರಿ. ಕೆಮ್ಮುವವರಿಗೆ ಮಾಸ್ಕ್ ಕೊಟ್ಟು ಕಿಟಕಿ ಪಕ್ಕ ಕೂರಿಸಿ. ಬಾಗಿಲ ಹತ್ತಿರ ಕೊಡೆಗಳಿಗೆ ಒಂದು ಬಕೆಟ್ ಇಡಿಸಿ. ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯನ್ನು ನಾನು ಓಪಿಡಿಯ ಒಳಗೇ ನೋಡಿದ್ದೇನೆ.

ಭಾಷೆ ಬಗ್ಗೆ ಒಂದು ಮಾತು. ತಿತಿಮತಿ ಕಡೆಯ ಆದಿವಾಸಿ ಹಾಡಿಯಿಂದ ಬಂದವರು, ತೋಟದ ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೆಲಸಗಾರರು ಡಾಕ್ಟರ ಎದುರು ಸುಮ್ಮನೆ ತಲೆ ಆಡಿಸಿ ಹೊರಬರುತ್ತಾರೆ. ಮಾತ್ರೆ ಯಾವಾಗ ಎಂಬುದು ಅವರಿಗೆ ತಿಳಿದಿರುವುದಿಲ್ಲ. ನೀವೇ ಹೇಳಲು ಹೋಗಬೇಡಿ. ಔಷಧಿ ಕೊಡುವ ಕಿಟಕಿಗೆ ಕರೆದೊಯ್ದು ಇನ್ನೊಮ್ಮೆ ಹೇಳಿಸಿ. ಮಾತ್ರೆ ಸೂಚಿಸುವುದು, ರಿಪೋರ್ಟ್ ಓದಿ "ಏನೂ ಇಲ್ಲ" ಎನ್ನುವುದು, ಸೂಜಿ ಹಾಕುವುದು ನಿಮ್ಮ ಕೆಲಸವಲ್ಲ. ಗಡಿಬಿಡಿಯಲ್ಲಿ ಯಾರಾದರೂ ಮಾಡಿ ಎಂದರೂ ಬೇಡ.

ಎಲ್ಲಕ್ಕಿಂತ ಕಷ್ಟದ್ದು ಬಾಯಿ. ಕೊಡಗು ಸಣ್ಣದು. ಮನೆಹೆಸರು ಕೇಳಿದರೆ ಸಾಕು, ಯಾರ ಮಗಳು, ಯಾರ ಸೊಸೆ ಎಂದು ಗೊತ್ತಾಗುತ್ತದೆ. ಶುಕ್ರವಾರ ಸಂತೆಯಲ್ಲಿ ಸಿಕ್ಕವರು "ನಮ್ಮ ಪಕ್ಕದ ಮನೆಯವಳು ಅಲ್ಲಿಗೆ ಬಂದಿದ್ದಳಂತೆ, ಎಂತ ಆಗಿದೆ?" ಎಂದು ಕೇಳಿಯೇ ಕೇಳುತ್ತಾರೆ. "ನನಗೆ ಗೊತ್ತಿಲ್ಲಪ್ಪ, ದಿನಾ ನೂರಾರು ಜನ ಬರ್ತಾರೆ" ಎಂದು ಮುಂದೆ ಹೋಗಿ. ಅತ್ತೆ ಕೇಳಿದರೂ ಇದೇ ಉತ್ತರ. ಎಚ್‌ಐವಿ ವಿಷಯವನ್ನು ಹೊರಗೆ ಹೇಳುವುದಂತೂ 2017ರ ಕಾಯ್ದೆಯ ಪ್ರಕಾರ ನಿಷಿದ್ಧ. ಟೋಕನ್ ಕರೆಯುವಾಗ ಹೆಸರಿನ ಜೊತೆ ಕಾಯಿಲೆಯನ್ನೂ ಕೂಗುವವರಿದ್ದಾರೆ. ಆ ಅಭ್ಯಾಸ ನಿಮಗೆ ಬರಬಾರದು.

ಪ್ರಶ್ನೆ: ಡ್ರೆಸ್ಸಿಂಗ್ ರೂಮಿನ ಕಸ ಎತ್ತುವಾಗ ಸೂಜಿ ಚುಚ್ಚಿತು. ಮೇಲಿನವರು ಬೈಯುತ್ತಾರೆಂದು ಹೇಳಲಿಲ್ಲ. ನಿನ್ನೆ ಸಂಜೆ ಆಗಿದ್ದು. ಈಗ ಭಯವಾಗುತ್ತಿದೆ.
— ವಿರಾಜಪೇಟೆಯ ಓದುಗರು

ಉತ್ತರ: ಈ ಪತ್ರ ನೋಡಿದ ಕೂಡಲೇ ಇವರಿಗೆ ಹೇಳಿಕಳಿಸಿದ್ದೇವೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಚುಚ್ಚಿದ ಜಾಗವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ಆಮೇಲೆ ನೇರ ಕ್ಯಾಶುವಾಲ್ಟಿಗೆ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಪೂರ್ತಿ 28 ದಿನ ನುಂಗಬೇಕು. ಬೈಗುಳಕ್ಕೆ ಹೆದರಿ ಆ ಹೊತ್ತನ್ನು ಕಳೆದುಕೊಳ್ಳಬೇಡಿ.

ತಪ್ಪು ನಿಮ್ಮದೂ ಅಲ್ಲ. ಸೂಜಿ ಹೋಗಬೇಕಾದದ್ದು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಕೈಗವಸು ಮತ್ತು ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಗಾಜು ನೀಲಿಗೆ. ಹಳದಿ ಚೀಲದಲ್ಲಿ ಸೂಜಿ ಇತ್ತೆಂದರೆ ಅದನ್ನು ಹಾಕಿದವರು ಬೇರೆಯವರು. ಚೀಲವನ್ನು ಕೈಯಿಂದ ಒತ್ತಿ ತುಂಬಬೇಡಿ, ಕುತ್ತಿಗೆ ಹಿಡಿದು ಎತ್ತಿ. 2016ರ ನಿಯಮದಂತೆ ಈ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ, ನೀವು ಗುತ್ತಿಗೆಯಲ್ಲಿದ್ದರೂ ಸರಿ. ಹೆಪಟೈಟಿಸ್ ಬಿ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕಾರ್ಡನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಪ್ರಶ್ನೆ: ಏಜೆನ್ಸಿ ಮೂಲಕ ಎರಡು ವರ್ಷದಿಂದ ಓಪಿಡಿಯಲ್ಲಿದ್ದೇನೆ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ, ಜಮಾ ಆಗುತ್ತಿದೆಯೋ ಗೊತ್ತಿಲ್ಲ. ಮುಂದೆ ನರ್ಸ್ ಆಗಬಹುದಾ? ನಾನೂ ಆರ್ಟ್ಸ್.
— ಗೋಣಿಕೊಪ್ಪಲಿನ ಓದುಗರು

ಉತ್ತರ: ಮೊದಲು ಯುಎಎನ್ ನಂಬರ್ (ಪಿಎಫ್‌ನಲ್ಲಿ ನಿಮ್ಮ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಅದಿದ್ದರೆ ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ನೋಡಬಹುದು. ನಿಮ್ಮಿಂದ ಹಿಡಿದ 12% ಮಾತ್ರವಲ್ಲ, ಮಾಲೀಕರ ಪಾಲೂ ಅಲ್ಲಿ ಕಾಣಬೇಕು. ನಂಬರ್ ಕೊಡಲು ಸತಾಯಿಸಿದರೆ ಪಿಎಫ್ ಕಚೇರಿಗೆ ಸಂಬಳದ ಚೀಟಿ ಸಮೇತ ಬರೆಯಿರಿ. ಚೀಟಿಯೇ ಕೊಡುವುದಿಲ್ಲವಾ? ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟರೂ ಆಗುತ್ತದೆ.

ನರ್ಸ್ ಆಗಬಹುದು. ಬಿಎಸ್ಸಿ ನರ್ಸಿಂಗಿಗೆ ಸೈನ್ಸ್ ಬೇಕು. 3 ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಆರ್ಟ್ಸ್ ಓದಿದವರೂ ಅರ್ಜಿ ಹಾಕಬಹುದು, ಪಿಯುಸಿಯಲ್ಲಿ 40% ಇರಬೇಕು. ಸೇರುವ ಮೊದಲು ಆ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ ನೋಡಿ. ಪಟ್ಟಣದಲ್ಲಿ ಬೋರ್ಡು ಹಾಕಿದವೆಲ್ಲ ಕಾಲೇಜಲ್ಲ. ಈಗಿನ ಆಸ್ಪತ್ರೆಯಿಂದ ಅನುಭವದ ಪತ್ರವನ್ನು ಕೆಲಸ ಬಿಡುವ ಮುಂಚೆಯೇ ಬರೆಸಿಕೊಳ್ಳಿ, ಬಿಟ್ಟ ಮೇಲೆ ಹತ್ತು ಸಲ ಅಲೆಸುತ್ತಾರೆ.